‘ಲಾ ತ್ರಾವಿಯಾತಾ’: ಇಪ್ಪತ್ತು ನಿಮಿಷದ ಒಂದು ಮಾತುಕತೆ

ಇಟಲಿಯ ಸಂಗೀತಕಾರ ವೆರ್ದಿಯ ‘ಲಾ ತ್ರಾವಿಯಾತಾ’ ಆಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಪ್ಯಾರಿಸ್ಸಿನಲ್ಲಿ ವಯೊಲೆತ್ತಾ ಎಂಬ ಚೆಲುವೆ. ಶ್ರೀಮಂತರ ದುಡ್ಡಿನಲ್ಲಿ ಅವಳ ಬದುಕು. ಮನೆ ತುಂಬ ಪಾರ್ಟಿ, ಎದೆಯೊಳಗೆ ಕ್ಷಯ. ಮರ್ಯಾದಸ್ಥ ಮನೆತನದ ಹುಡುಗ ಆಲ್ಫ್ರೆಡೊ ಅವಳನ್ನು ಮನಸಾರೆ ಪ್ರೀತಿಸುತ್ತಾನೆ. ಇಬ್ಬರೂ ಊರಾಚೆ ಮನೆ ಮಾಡುತ್ತಾರೆ. ಹುಡುಗನ ಅಪ್ಪ ಬಂದು, ಅವನನ್ನು ಬಿಟ್ಟುಬಿಡಿ ಅನ್ನುತ್ತಾನೆ. ಬಿಡುತ್ತಾಳೆ. ಒಳಗಿನ ವಿಷಯ ಗೊತ್ತಿಲ್ಲದ ಹುಡುಗ ನಾಲ್ಕು ಜನರ ಮುಂದೆ ಅವಳ ಮಾನ ಕಳೆಯುತ್ತಾನೆ. ನಿಜ ತಿಳಿದು ಓಡಿ ಬರುವ ಹೊತ್ತಿಗೆ ಅವಳು ಕೊನೆಯುಸಿರಿನಲ್ಲಿದ್ದಾಳೆ. ಇಷ್ಟೇ.

ಇಂಥ ಕಥೆಯನ್ನು ಕಪ್ಪು ಬಿಳುಪು ಸಿನಿಮಾ ಕಾಲದಿಂದಲೂ ನೋಡುತ್ತಾ ಬಂದಿದ್ದೇವೆ, ಅಲ್ವಾ? ಆದರೂ 1853ರಲ್ಲಿ ಮೊದಲ ಸಲ ಆಡಿದ ಈ ಆಪೆರಾ ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಆಡುವ ಆಪೆರಾಗಳ ಸಾಲಿನಲ್ಲಿ ಮುಂದೆ ನಿಂತಿದೆ. ಅವಳು ಸಾಯುತ್ತಾಳೆ ಅಂತ ಟಿಕೆಟ್ ಕೊಳ್ಳುವಾಗಲೇ ಎಲ್ಲರಿಗೂ ಗೊತ್ತು. ಮತ್ತೆ ಏನು ನೋಡಲು ಹೋಗುತ್ತಾರೆ?

ನನ್ನ ಪ್ರಕಾರ ಉತ್ತರ ಇರುವುದು ಎರಡನೇ ಅಂಕದಲ್ಲಿ. ಅಲ್ಲಿ ಹುಡುಗನ ಅಪ್ಪ ಮತ್ತು ವಯೊಲೆತ್ತಾ ಸುಮಾರು 20 ನಿಮಿಷ ಮಾತಾಡುತ್ತಾರೆ. ಯಾರೂ ಕತ್ತಿ ಹಿರಿಯುವುದಿಲ್ಲ, ವಿಷ ಕುಡಿಯುವುದಿಲ್ಲ. ಒಬ್ಬ ದೊಡ್ಡ ಮನುಷ್ಯ ಬಂದು ನಯವಾಗಿ ಬೇಡುತ್ತಾನೆ. ಅವಳು ಕೊಟ್ಟುಬಿಡುತ್ತಾಳೆ. ಕ್ಷಯ ಅವಳನ್ನು ಕೊಲ್ಲುವುದು ಆಮೇಲೆ.

ಅಲ್ಲಿಗೆ ಹೋಗುವ ಮೊದಲು, ಆಪೆರಾ ನೋಡಿರದವರಿಗೆ ಒಂದೆರಡು ಮಾತು. ಇಲ್ಲಿ ಮೈಕ್ ಇರುವುದಿಲ್ಲ. ಇಡೀ ಆರ್ಕೆಸ್ಟ್ರಾ ಕೆಳಗೆ ನುಡಿಸುತ್ತಿರುತ್ತದೆ. ಅದನ್ನು ದಾಟಿ ಕೊನೇ ಸಾಲಿನವರೆಗೆ ಬರೀ ಗಂಟಲಿನಿಂದ ದನಿ ಮುಟ್ಟಿಸಬೇಕು. ಇನ್ನೊಂದು, ಪಾತ್ರ ಬಾಯಲ್ಲಿ ಏನೋ ಹೇಳುತ್ತಿರುವಾಗ ಆರ್ಕೆಸ್ಟ್ರಾ ಬೇರೇನೋ ಹೇಳಬಹುದು. ಪಾತ್ರಕ್ಕಿಂತ ಆರ್ಕೆಸ್ಟ್ರಾಗೆ ಜಾಸ್ತಿ ಗೊತ್ತಿರುತ್ತದೆ. ಇನ್ನು, ಶ್ವಾಸಕೋಶ ಹಾಳಾದವಳು ಅಷ್ಟು ಹೊತ್ತು ಹೇಗೆ ಹಾಡುತ್ತಾಳೆ ಅಂತ ಹೊಸಬರೆಲ್ಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆಪೆರಾದ ಒಳಗೆ ಅವಳು ಹಾಡುತ್ತಿಲ್ಲ, ಮಾತಾಡುತ್ತಿದ್ದಾಳೆ, ಯೋಚಿಸುತ್ತಿದ್ದಾಳೆ. ಹಾಡು ಕೇಳುತ್ತಿರುವುದು ನಮಗೆ ಮಾತ್ರ. ಇದೊಂದನ್ನು ಒಪ್ಪಿಕೊಂಡರೆ ಮುಂದಿನದು ಸಲೀಸು.

ವಯೊಲೆತ್ತಾಳ ಹಿಂದೆ ನಿಜವಾಗಿ ಬದುಕಿದ್ದ ಒಬ್ಬ ಹೆಣ್ಣಿದ್ದಾಳೆ. 1824ರಲ್ಲಿ ನಾರ್ಮಂಡಿಯ ಬಡ ಮನೆಯಲ್ಲಿ ಹುಟ್ಟಿದ ಅಲ್ಫೊನ್ಸೀನ್ ಪ್ಲೆಸ್ಸಿ ಪ್ಯಾರಿಸ್ಸಿಗೆ ಬಂದು ಮಾರೀ ದ್ಯುಪ್ಲೆಸ್ಸಿ ಎಂದು ಹೆಸರಿಟ್ಟುಕೊಂಡಳು. ಊರಿನ ದೊಡ್ಡವರೆಲ್ಲ ಅವಳ ಮನೆಗೆ ಎಡತಾಕುತ್ತಿದ್ದರು. ಪಿಯಾನೊ ಮಾಂತ್ರಿಕ ಫ್ರಾನ್ಸ್ ಲಿಸ್ಟ್ ಕೂಡ ಅವಳನ್ನು ಪ್ರೀತಿಸಿದವನೇ. ಲೇಖಕ ಅಲೆಕ್ಸಾಂಡರ್ ದ್ಯುಮಾ ಮಗ, ಅಂದರೆ ಅದೇ ಹೆಸರಿನ ದೊಡ್ಡ ಕಾದಂಬರಿಕಾರನ ಮಗ, 1844-45ರಲ್ಲಿ ಸುಮಾರು ಒಂದು ವರ್ಷ ಅವಳ ಜೊತೆಗಿದ್ದ. ಆಗ ಇಬ್ಬರಿಗೂ ಇಪ್ಪತ್ತರ ಪ್ರಾಯ. 1847ರ ಫೆಬ್ರವರಿ 3ರಂದು ಕ್ಷಯದಿಂದ ಅವಳು ತೀರಿಕೊಂಡಳು. ವಯಸ್ಸು 23. ಮರುವರ್ಷವೇ ದ್ಯುಮಾ ಅವಳ ಮೇಲೆ ಕಾದಂಬರಿ ಬರೆದ. 1852ರಲ್ಲಿ ಅದು ನಾಟಕವಾಯಿತು. 1853ರ ಮಾರ್ಚಿಗೆ ವೆರ್ದಿಯ ಆಪೆರಾ ಸಿದ್ಧ. ಹೆಣ್ಣು ಸತ್ತು ಬರೀ ಆರು ವರ್ಷ.

ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಗಂಭೀರ ಆಪೆರಾ ಅಂದರೆ ರಾಜರು, ಸೇನಾಪತಿಗಳು, ಎಂದೋ ಆಗಿಹೋದ ಕಥೆಗಳು. ವೆರ್ದಿಯೇ ಅದೇ ವರ್ಷದ ಜನವರಿಯಲ್ಲಿ ರೋಮ್‌ನಲ್ಲಿ ಮಧ್ಯಯುಗದ ಸೇಡಿನ ಕಥೆ ಆಡಿಸಿದ್ದ. ಅದರ ಬೆನ್ನಿಗೇ ಈಗಿನ ಕಾಲದ ಡ್ರಾಯಿಂಗ್ ರೂಮ್, ಈಗಿನ ಬಟ್ಟೆ, ಈಗಿನ ಕಾಯಿಲೆ. ನೋಡಲು ಬಂದವರ ಮೈಮೇಲೆ ಇರುವಂಥ ಬಟ್ಟೆಯೇ ರಂಗದ ಮೇಲೂ ಇರಬೇಕು ಅಂತ ಅವನ ಆಸೆ. ವೆನಿಸ್‌ನ ಫೆನಿಚೆ ರಂಗಮಂದಿರದಲ್ಲಿ ಅದು ನಡೆಯಲಿಲ್ಲ. ಕಥೆಯನ್ನು 1700ರ ಕಾಲಕ್ಕೆ ತಳ್ಳಬೇಕಾಯಿತು. ನಿಮ್ಮ ಬಗ್ಗೆ ಹೇಳುತ್ತಿಲ್ಲ, ಅಜ್ಜಂದಿರ ಬಗ್ಗೆ ಹೇಳುತ್ತಿದ್ದೇವೆ ಅನ್ನುವ ನೆಪ.

ಈ ಕಥೆ ವೆರ್ದಿಗೆ ಯಾಕೆ ಹಿಡಿಸಿತು ಅನ್ನುವುದಕ್ಕೆ ಅವನ ಮನೆಯನ್ನೇ ತೋರಿಸುವವರಿದ್ದಾರೆ. ಮೊದಲ ಹೆಂಡತಿ, ಇಬ್ಬರು ಮಕ್ಕಳು ಒಬ್ಬರ ಹಿಂದೆ ಒಬ್ಬರು ತೀರಿಹೋದ ಮೇಲೆ ಅವನು ಗಾಯಕಿ ಜುಸೆಪ್ಪೀನಾ ಸ್ತ್ರೆಪ್ಪೋನಿಯ ಜೊತೆ ಮದುವೆಯಿಲ್ಲದೆ ಬದುಕುತ್ತಿದ್ದ. ಅವಳಿಗೆ ಮದುವೆಯಾಗದೆ ಹುಟ್ಟಿದ ಮಕ್ಕಳಿದ್ದರು. ಬುಸ್ಸೆತೊ ಎಂಬ ಸಣ್ಣ ಊರು ಅವಳಿಗೆ ಮುಖ ಕೊಡಲಿಲ್ಲ. 1852ರ ಜನವರಿಯಲ್ಲಿ ವೆರ್ದಿ ತನ್ನ ಮೊದಲ ಮಾವನಿಗೆ ಬರೆದ ಕಾಗದವೊಂದು ಉಳಿದಿದೆ. ನನ್ನ ಮನೆಯಲ್ಲಿ ಸ್ವತಂತ್ರಳಾದ ಒಬ್ಬ ಹೆಣ್ಣಿದ್ದಾಳೆ, ನಮ್ಮ ಬಾಳಿನ ಲೆಕ್ಕವನ್ನು ನಾವು ಯಾರಿಗೂ ಒಪ್ಪಿಸಬೇಕಿಲ್ಲ ಎಂಬ ಧಾಟಿ. ಅವರು ಮದುವೆಯಾದದ್ದು 1859ರಲ್ಲಿ. ಹಾಗಂತ ವಯೊಲೆತ್ತಾ ಅಂದರೆ ಜುಸೆಪ್ಪೀನಾ ಅಂದುಬಿಡುವುದು ಸಸ್ತಾ ಮಾತು. ಆದರೆ ಊರು ಮುಖ ತಿರುಗಿಸುವುದು ಹೇಗಿರುತ್ತದೆ ಎಂದು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

1853ರ ಮಾರ್ಚ್ 6ರ ಮೊದಲ ಪ್ರದರ್ಶನ ಕೆಟ್ಟಿತು. ವಯೊಲೆತ್ತಾ ಆಗಿದ್ದ ಫ್ಯಾನಿ ಸಾಲ್ವೀನಿ ದೊನಾತೆಲ್ಲಿ ಚೆನ್ನಾಗಿಯೇ ಹಾಡಿದಳು. ಮೊದಲ ಅಂಕಕ್ಕೆ ಚಪ್ಪಾಳೆಯೂ ಬಿತ್ತು. ಆದರೆ ಆಕೆ ದಷ್ಟಪುಷ್ಟ ಮೈಯವಳು, ವಯಸ್ಸು 38. ಕ್ಷಯದಿಂದ ಸೊರಗಿ ಸಾಯುವವಳು ಇವಳೇ ಅಂದಾಗ ಜನ ನಕ್ಕರು. ನಾಯಕನ ಗಂಟಲು ಕಟ್ಟಿತ್ತು. ಅಪ್ಪನ ಪಾತ್ರದವನಿಗೆ ತನ್ನ ಪಾತ್ರವೇ ಹಿಡಿಸಿರಲಿಲ್ಲ. ಮರುದಿನ ವೆರ್ದಿ ಗೆಳೆಯನಿಗೆ ಬರೆದ: ನಾಟಕ ಬಿತ್ತು, ತಪ್ಪು ನನ್ನದೋ ಗಾಯಕರದೋ, ಕಾಲವೇ ಹೇಳುತ್ತದೆ.

ಕಾಲ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ವೆರ್ದಿ ಐದು ಭಾಗಗಳನ್ನು ತಿದ್ದಿದ. 1854ರ ಮೇ 6ರಂದು ಅದೇ ವೆನಿಸ್‌ನ ಇನ್ನೊಂದು ಸಣ್ಣ ರಂಗಮಂದಿರದಲ್ಲಿ, ಮಾರಿಯಾ ಸ್ಪೆತ್ಸಿಯಾ ಎಂಬ ಬೇರೆ ಗಾಯಕಿಯೊಂದಿಗೆ ಆಡಿಸಿದರು. ಊರೇ ಹುಚ್ಚೆದ್ದಿತು. 1856ರಲ್ಲಿ ಲಂಡನ್ನಿಗೆ ಬಂದಾಗ ಪತ್ರಿಕೆಗಳು ಇದು ಅನೀತಿ ಎಂದು ಬೊಬ್ಬೆ ಹಾಕಿದವು. ಹಾಲ್ ಮಾತ್ರ ತುಂಬಿತ್ತು. ಬೈಗುಳಕ್ಕಿಂತ ಒಳ್ಳೇ ಪ್ರಚಾರ ಯಾವುದಿದೆ?

ಇನ್ನು ಸಂಗೀತದ ವಿಷಯ. ಪರದೆ ಏಳುವ ಮೊದಲು ಪಿಟೀಲುಗಳು ಎತ್ತರದ ಸ್ವರದಲ್ಲಿ, ಬಲು ಮೆಲ್ಲಗೆ ನುಡಿಯುತ್ತವೆ. ಇದು ಮೂರನೇ ಅಂಕದಲ್ಲಿ ಅವಳು ಹಾಸಿಗೆ ಹಿಡಿದಾಗ ಬರುವ ಸಂಗೀತ. ಅಂದರೆ ವೆರ್ದಿ ಕೊನೆಯಿಂದ ಶುರು ಮಾಡುತ್ತಾನೆ. ಅದರ ಬೆನ್ನಿಗೆ ದೊಡ್ಡದೊಂದು ಪ್ರೇಮದ ರಾಗ ಬರುತ್ತದೆ. ಅದು ಯಾರದು, ಯಾವಾಗ ಹಾಡುತ್ತಾರೆ ಎಂದು ನಮಗಿನ್ನೂ ಗೊತ್ತಿಲ್ಲ. ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ.

ಪರದೆ ಎದ್ದರೆ ಪಾರ್ಟಿ. ಎಲ್ಲರೂ ಎಲ್ಲೋ ಒಂದು ಕಡೆ ಕೇಳಿರುವ ‘ಲಿಬ್ಯಾಮೊ’ ಇಲ್ಲಿದೆ. ಲೋಟ ಎತ್ತಿ ಹಾಡುವ, ವಾಲ್ಟ್ಸ್ ಕುಣಿತದ ಹಾಡು. ಚೆಂದದ ಹಾಡೇ. ಆದರೆ ಇದನ್ನು ಮಾತ್ರ ಕೇಳಿ ಇಡೀ ಆಪೆರಾ ಹೀಗೇ ಅಂದುಕೊಂಡವರು ಮೋಸಹೋಗುತ್ತಾರೆ. ಆಮೇಲೆ ಪಕ್ಕದ ಕೋಣೆಯಲ್ಲಿ ಕುಣಿತದ ವಾದ್ಯ ನಡೆಯುತ್ತಿರುವಾಗ ವಯೊಲೆತ್ತಾಗೆ ತಲೆ ಸುತ್ತುತ್ತದೆ. ಕನ್ನಡಿ ನೋಡಿ, ಎಷ್ಟು ಬಿಳುಚಿಕೊಂಡಿದ್ದೇನೆ ಅನ್ನುತ್ತಾಳೆ. ಅಲ್ಲೇ ಉಳಿದ ಆಲ್ಫ್ರೆಡೊ ಒಂದು ವರ್ಷದಿಂದ ಅವಳನ್ನು ಪ್ರೀತಿಸುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಇಡೀ ಜಗತ್ತೇ ಮಿಡಿಯುವ ಪ್ರೀತಿ ಎಂಬ ಅವನ ಸಾಲಿಗೆ ಒಂದು ರಾಗವಿದೆ. ಅದು ಇನ್ನು ಆಪೆರಾ ಮುಗಿಯುವ ತನಕ ಅವಳನ್ನು ಬಿಡುವುದಿಲ್ಲ.

ಎಲ್ಲರೂ ಹೋದ ಮೇಲೆ ವಯೊಲೆತ್ತಾ ಒಬ್ಬಳೇ. ಆ ಕಾಲದ ಇಟಾಲಿಯನ್ ಆಪೆರಾದಲ್ಲಿ ಒಂದು ಕಟ್ಟುಪಾಡಿತ್ತು. ನಾಯಕಿ ಮೊದಲು ನಿಧಾನದ ಹಾಡು ಹಾಡಬೇಕು, ಆಮೇಲೆ ವೇಗದ್ದು. ಜನಕ್ಕೆ ಗಂಟಲಿನ ಕಸರತ್ತು ತೋರಿಸುವುದಕ್ಕೆ ಮಾಡಿಕೊಂಡ ಪದ್ಧತಿ ಅದು. ವೆರ್ದಿ ಪದ್ಧತಿಯನ್ನು ಮುರಿಯಲಿಲ್ಲ, ಅದಕ್ಕೆ ಅರ್ಥ ಕೊಟ್ಟ. ನಿಧಾನದ ಹಾಡಿನಲ್ಲಿ, ಇವನೇ ಇರಬಹುದೇ ಎಂಬ ಯೋಚನೆ. ವೇಗದ್ದರಲ್ಲಿ, ಹುಚ್ಚು, ಸುಮ್ನೆ ಹುಚ್ಚು, ನಾನು ಯಾರ ಹಂಗಿಲ್ಲದೆ ಇರುತ್ತೇನೆ ಎಂಬ ಹಟ. ಆ ಹಟದ ನಡುವೆ ಕಿಟಕಿಯಾಚೆಯಿಂದ ಆಲ್ಫ್ರೆಡೊನ ಅದೇ ರಾಗ ತೇಲಿ ಬರುತ್ತದೆ. ಅವಳು ಇನ್ನೂ ಜೋರಾಗಿ, ಇನ್ನೂ ಎತ್ತರಕ್ಕೆ ಹಾಡುತ್ತಾಳೆ. ಬಾಯಿ ಬೇಡ ಅನ್ನುತ್ತದೆ, ಗಂಟಲು ಸೋತಿದೆ ಅಂತ ನಮಗೆ ಗೊತ್ತಾಗುತ್ತದೆ.

ಎರಡನೇ ಅಂಕ. ಊರಾಚೆಯ ಮನೆ. ಮೂರು ತಿಂಗಳ ಸುಖ. ಆ ಸುಖಕ್ಕೆ ದುಡ್ಡು ಎಲ್ಲಿಂದ ಬರುತ್ತಿದೆ ಎಂದು ಆಲ್ಫ್ರೆಡೊ ಯೋಚಿಸಿಯೇ ಇಲ್ಲ. ವಯೊಲೆತ್ತಾ ಕುದುರೆ, ಸಾರೋಟು, ಒಡವೆ ವಸ್ತು ಮಾರುತ್ತಿದ್ದಾಳೆ ಎಂದು ಕೆಲಸದಾಕೆ ಅನ್ನೀನಾಳಿಂದ ತಿಳಿದು, ದುಡ್ಡು ಹೊಂದಿಸಲು ಪ್ಯಾರಿಸ್ಸಿಗೆ ಓಡುತ್ತಾನೆ. ಆ ಹೊತ್ತಿಗೆ ಅವನ ಅಪ್ಪ ಜೆರ್ಮಾಂ ಬಾಗಿಲಿಗೆ ಬರುತ್ತಾನೆ.

ಬಂದವನೇ ದಬಾಯಿಸುತ್ತಾನೆ. ನನ್ನ ಮಗನನ್ನು ಹಾಳು ಮಾಡುತ್ತಿದ್ದೀರಿ ಅನ್ನುತ್ತಾನೆ. ಅವಳು, ಸ್ವಾಮಿ, ನಾನೊಬ್ಬ ಹೆಣ್ಣು, ಇದು ನನ್ನ ಮನೆ ಎಂದು ಅಲ್ಲೇ ತಡೆಯುತ್ತಾಳೆ. ಆಸ್ತಿ ಮಾರುತ್ತಿರುವ ಪತ್ರ ತೋರಿಸುತ್ತಾಳೆ. ಅಪ್ಪನಿಗೆ ಗೊತ್ತಾಗುತ್ತದೆ, ಇವಳು ತಾನು ಅಂದುಕೊಂಡಂಥವಳಲ್ಲ. ಇಲ್ಲಿಗೆ ಅವನು ನಾಚಿಕೊಂಡು ಹೊರಟುಹೋಗಿದ್ದರೆ ಆಪೆರಾ ಮುಗಿಯುತ್ತಿತ್ತು. ಅವನು ಹೋಗುವುದಿಲ್ಲ, ದನಿ ಬದಲಿಸುತ್ತಾನೆ. ಇವಳು ಒಳ್ಳೆಯವಳು ಅಂತ ತಿಳಿದದ್ದರಿಂದಲೇ ಅವನಿಗೆ ಕೇಳುವ ಧೈರ್ಯ ಬರುತ್ತದೆ.

ನನಗೆ ದೇವತೆಯಂಥ ಮಗಳಿದ್ದಾಳೆ ಎಂದು ಶುರು ಮಾಡುತ್ತಾನೆ. ಅಣ್ಣ ಹೀಗೆ ಇದ್ದರೆ ಅವಳಿಗೆ ಗೊತ್ತಾದ ಗಂಡು ಒಲ್ಲೆ ಅನ್ನುತ್ತಾನಂತೆ. ಅವನ ಹಾಡು ಸಮನಾದ ಹೆಜ್ಜೆಯಲ್ಲಿ, ಮರ್ಯಾದೆಯಿಂದ ಸಾಗುತ್ತದೆ. ಅವಳು, ಮದುವೆ ಮುಗಿಯುವ ತನಕ ದೂರ ಇರಬೇಕೇನೋ ಅಂದುಕೊಳ್ಳುತ್ತಾಳೆ. ಅಲ್ಲ, ಶಾಶ್ವತವಾಗಿ ಎಂದಾಗ ಅವಳ ಹಾಡು ಒಡೆದುಹೋಗುತ್ತದೆ. ಉದ್ದನೆಯ ಸಾಲುಗಳಿಲ್ಲ. ಏದುಸಿರಿನಲ್ಲಿ ಬರುವ ತುಣುಕುಗಳು: ನನಗೆ ಗೆಳೆಯರಿಲ್ಲ, ನೆಂಟರಿಲ್ಲ, ನನಗೆ ಕಾಯಿಲೆ ಇದೆ, ಅವನೊಬ್ಬನೇ ನನಗೆಲ್ಲ. ಅಪ್ಪ ಕೇಳಿಸಿಕೊಳ್ಳುತ್ತಾನೆ. ಆಮೇಲೆ ಇನ್ನೊಂದು ಪಟ್ಟು ಹಾಕುತ್ತಾನೆ. ನಿಮ್ಮ ಚೆಲುವು ಎಷ್ಟು ದಿನ? ಅವನಿಗೆ ಬೇಸರ ಬಂದಾಗ ಏನು ಮಾಡುತ್ತೀರಿ? ದೇವರು ಹರಸದ ಸಂಬಂಧ ಇದು.

ಇದಕ್ಕೆ ಅವಳಲ್ಲಿ ಉತ್ತರವಿಲ್ಲ. ಯಾಕೆಂದರೆ ಅವಳೇ ತನಗೆ ಸಾವಿರ ಸಲ ಹೇಳಿಕೊಂಡ ಮಾತು ಅದು. ಇಲ್ಲಿ ‘ದೀತೆ ಅಲ್ಲ ಜೋವಿನೆ’ ಬರುತ್ತದೆ. ಆರ್ಕೆಸ್ಟ್ರಾ ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಆ ಚೆಂದದ, ಪರಿಶುದ್ಧ ಹುಡುಗಿಗೆ ಹೇಳಿ, ಬದುಕಿನಲ್ಲಿ ಇದ್ದ ಒಂದೇ ಒಂದು ಬೆಳಕನ್ನು ಒಬ್ಬ ನತದೃಷ್ಟೆ ಅವಳಿಗಾಗಿ ಬಿಟ್ಟುಕೊಟ್ಟಳು ಎಂದು. ಯಾವತ್ತೂ ಮುಖ ನೋಡದ, ನೋಡುವುದೂ ಸಾಧ್ಯವಿಲ್ಲದ ಹುಡುಗಿಗೆ ಹೇಳಿ ಕಳಿಸುವ ಮಾತು. ಜೋರಾಗಿ ಹಾಡಿದರೆ ಕೆಟ್ಟಿತು. ಒಳ್ಳೆಯ ಗಾಯಕಿಯರು ಇದನ್ನು ತಮಗೇ ಹೇಳಿಕೊಳ್ಳುವ ಹಾಗೆ ಹಾಡುತ್ತಾರೆ.

ಅಪ್ಪನೂ ಅಳುತ್ತಾನೆ. ಅಳಮ್ಮ, ಅತ್ತುಬಿಡು ಎಂದು ಸಮಾಧಾನ ಮಾಡುತ್ತಾನೆ. ವೆರ್ದಿಯ ಜಾಣತನ ಇರುವುದು ಇಲ್ಲೇ. ಅವನು ಈ ಮನುಷ್ಯನನ್ನು ಖಳನಾಯಕ ಮಾಡಲಿಲ್ಲ, ಒಳ್ಳೊಳ್ಳೆಯ ರಾಗಗಳನ್ನೇ ಕೊಟ್ಟ. ಜೆರ್ಮಾಂ ನಿಜವಾಗಿಯೂ ಮಗಳ ಬಗ್ಗೆ ಚಿಂತೆ ಇರುವ ಅಪ್ಪ. ಇವಳ ಸಂಕಟವೂ ಅವನಿಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೂ ತೆಗೆದುಕೊಂಡೇ ಹೋಗುತ್ತಾನೆ. ನಿಮ್ಮ ಮಗಳ ಹಾಗೆ ನನ್ನನ್ನೊಮ್ಮೆ ಅಪ್ಪಿಕೊಳ್ಳಿ ಅನ್ನುತ್ತಾಳೆ. ಅಪ್ಪಿಕೊಳ್ಳುತ್ತಾನೆ. ಕೊಟ್ಟದ್ದಕ್ಕೆ ಸಿಕ್ಕ ಬೆಲೆ ಅಷ್ಟೇ.

ನೀವು ಮೊದಲ ಸಲ ನೋಡುವಾಗ ಅಪ್ಪನ ಮೇಲೆ ಸಿಟ್ಟು ಬರುತ್ತದೆ. ಮಕ್ಕಳಿರುವವರು ಇನ್ನೊಮ್ಮೆ ನೋಡಿದರೆ ಸ್ವಲ್ಪ ಮುಜುಗರವೂ ಆಗಬಹುದು. ಊರಿನ ಮರ್ಯಾದೆಗೆ ಹೆದರಿ ಎಷ್ಟೋ ಮನೆಗಳಲ್ಲಿ ಇಂಥದೇ ನಯದ ಮಾತುಕತೆ ನಡೆಯುತ್ತದೆ. ಅದಕ್ಕೇ ಈ ದೃಶ್ಯ ಹಳತಾಗಿಲ್ಲ.

ಆಲ್ಫ್ರೆಡೊ ವಾಪಸ್ ಬರುತ್ತಾನೆ. ಅವಳು ವಿದಾಯದ ಕಾಗದ ಬರೆದಾಗಿದೆ. ನಗುತ್ತಾ ಅಳುತ್ತಾ ಒಂದೆರಡು ಮಾತಾಡಿ, ಬಾಗಿಲ ಕಡೆ ನಡೆಯುವಾಗ ಒಮ್ಮೆಗೇ ‘ಅಮಾಮಿ ಆಲ್ಫ್ರೆಡೊ’, ನನ್ನನ್ನು ಪ್ರೀತಿಸು, ಎಂದು ಹಾಡುತ್ತಾಳೆ. ಶುರುವಿನಲ್ಲಿ ಪರದೆ ಏಳುವ ಮೊದಲು ಕೇಳಿದ ಆ ದೊಡ್ಡ ರಾಗ ಇದೇ. ಇಡೀ ಆರ್ಕೆಸ್ಟ್ರಾ ಉಕ್ಕುತ್ತದೆ. ನಿಮಿಷವೂ ಇಲ್ಲ, ಮುಗಿಯಿತು, ಅವಳು ಹೊರಟಳು. ಆಲ್ಫ್ರೆಡೊಗೆ ಏನೂ ಅರ್ಥವಾಗಿಲ್ಲ. ಆಮೇಲೆ ಅಪ್ಪ ಬಂದು, ಊರಿಗೆ ಬಾ ಮಗನೇ, ಪ್ರೊವಾನ್ಸ್‌ನ ಸಮುದ್ರ ನೋಡು ಬಿಸಿಲು ನೋಡು ಎಂದು ಹಾಡುತ್ತಾನೆ. ಈ ಹಾಡಿಗೆ ಯಾವಾಗಲೂ ಚಪ್ಪಾಳೆ ಬೀಳುತ್ತದೆ. ನನಗಂತೂ ಹೇಳಿದ್ದನ್ನೇ ಹೇಳುವ ದೊಡ್ಡವರ ಉಪದೇಶದಂತೆ ಕೇಳುತ್ತದೆ. ಬಹುಶಃ ವೆರ್ದಿಗೂ ಅದೇ ಬೇಕಿತ್ತೇನೋ.

ಫ್ಲೋರಾ ಎಂಬ ಗೆಳತಿಯ ಮನೆಯ ಪಾರ್ಟಿ ದೃಶ್ಯವನ್ನು ಬೇಗ ದಾಟೋಣ. ಜಿಪ್ಸಿ ವೇಷದ ಕುಣಿತ, ಇಸ್ಪೀಟು. ಗೆದ್ದ ದುಡ್ಡನ್ನು ಆಲ್ಫ್ರೆಡೊ ಎಲ್ಲರೆದುರು ಅವಳ ಕಾಲ ಬಳಿ ಎಸೆಯುತ್ತಾನೆ. ಋಣ ತೀರಿಸಿದೆ, ನೀವೇ ಸಾಕ್ಷಿ ಅನ್ನುತ್ತಾನೆ. ಒಂದನ್ನು ಮಾತ್ರ ಗಮನಿಸಿ. ಅಪ್ಪ ಅಲ್ಲಿಗೆ ಬಂದು ಮಗನನ್ನು ಗದರುತ್ತಾನೆ. ನಿಜ ಗೊತ್ತಿರುವುದು ತನಗೊಬ್ಬನಿಗೇ ಎಂದು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾನೆ. ಬಾಯಿ ಮಾತ್ರ ಬಿಡುವುದಿಲ್ಲ.

ಮೂರನೇ ಅಂಕ ಬೆಳಗ್ಗೆ ಏಳು ಗಂಟೆಗೆ ಶುರು. ಹೊರಗೆ ಪ್ಯಾರಿಸ್ಸಿಗೆ ಕಾರ್ನಿವಲ್ ಹಬ್ಬ. ಡಾಕ್ಟರು ಅವಳಿಗೆ ಧೈರ್ಯ ಹೇಳಿ, ಬಾಗಿಲಲ್ಲಿ ಅನ್ನೀನಾಗೆ ಇನ್ನು ಕೆಲವೇ ಗಂಟೆ ಎಂದು ಪಿಸುಗುಟ್ಟುತ್ತಾನೆ. ದುಡ್ಡು ಎಷ್ಟಿದೆ ಎಂದು ವಯೊಲೆತ್ತಾ ಕೇಳುತ್ತಾಳೆ. 20 ಲೂಯಿ ನಾಣ್ಯ. ಹತ್ತನ್ನು ಬಡವರಿಗೆ ಕೊಟ್ಟು ಬಾ ಅನ್ನುತ್ತಾಳೆ. ಆಮೇಲೆ ಅಪ್ಪ ಜೆರ್ಮಾಂ ಬರೆದ ಕಾಗದ ತೆಗೆಯುತ್ತಾಳೆ. ಇಲ್ಲಿ ವೆರ್ದಿ ಹಾಡನ್ನೇ ನಿಲ್ಲಿಸುತ್ತಾನೆ. ಅವಳು ಕಾಗದವನ್ನು ಸಾದಾ ಮಾತಿನಲ್ಲಿ ಓದುತ್ತಾಳೆ. ನಿಮ್ಮ ತ್ಯಾಗದ ವಿಷಯ ಮಗನಿಗೆ ಹೇಳಿದ್ದೇನೆ, ಅವನು ಬರುತ್ತಾನೆ, ನಾನೂ ಬರುತ್ತೇನೆ. ಓದುವಾಗ ಹಿಂದೆ ಮೆಲ್ಲಗೆ ಪಿಟೀಲಿನಲ್ಲಿ ಆಲ್ಫ್ರೆಡೊನ ಮೊದಲ ಅಂಕದ ರಾಗ. ಒಂದೂವರೆ ತಾಸಿಗೂ ಹೆಚ್ಚು ಬರೀ ಹಾಡು ಕೇಳಿದ ಕಿವಿಗೆ ಆ ಬರಿಯ ದನಿ ಬೆಚ್ಚಿಬೀಳಿಸುತ್ತದೆ. ಮುಗಿಸಿ ‘ತಡವಾಯಿತು’ ಅನ್ನುತ್ತಾಳೆ. ಕಾಗದ ಮೊದಲೇ ಬಂದಿತ್ತು. ಅವಳು ಕಾದದ್ದೇ ಬಂತು.

ಬೆನ್ನಿಗೆ ‘ಅದ್ದಿಯೊ ದೆಲ್ ಪಸ್ಸಾತೊ’, ಹಿಂದಿನ ಕನಸುಗಳಿಗೆಲ್ಲ ವಿದಾಯ. ಓಬೋ ವಾದ್ಯ ಅವಳ ಜೊತೆಗೆ ಬರುತ್ತದೆ. ಇದಕ್ಕೆ ಎರಡು ಚರಣ. ನನ್ನ ಗೋರಿಗೆ ಹೂವಿಲ್ಲ, ಕಣ್ಣೀರಿಲ್ಲ, ಹೆಸರು ಬರೆದ ಶಿಲುಬೆಯೂ ಇಲ್ಲ ಎನ್ನುವುದು ಎರಡನೆಯದರಲ್ಲಿದೆ. ಎಷ್ಟೋ ಪ್ರದರ್ಶನಗಳಲ್ಲಿ ಅದನ್ನೇ ಕತ್ತರಿಸುತ್ತಾರೆ. ಯಾಕೋ ನನಗೆ ಒಪ್ಪಿಗೆಯಿಲ್ಲ.

ಆಲ್ಫ್ರೆಡೊ ಬರುತ್ತಾನೆ, ಅಪ್ಪನೂ ಬರುತ್ತಾನೆ. ಕೊನೆಯಲ್ಲಿ ಅವಳಿಗೆ ನೋವೆಲ್ಲ ನಿಂತುಹೋಗುತ್ತದೆ. ಬದುಕುತ್ತೇನೆ ಎಂದು ಎದ್ದು ನಿಲ್ಲುತ್ತಾಳೆ, ಕುಸಿಯುತ್ತಾಳೆ. ಇದು ನಾಟಕದ ಉಪಾಯ ಮಾತ್ರ ಅಲ್ಲ. ಕ್ಷಯರೋಗಿಗಳಲ್ಲಿ ಕೊನೆಗಾಲಕ್ಕೆ ಇಂಥ ಹುರುಪು ಕಾಣುತ್ತದೆ ಎಂದು ಆಗಿನ ವೈದ್ಯರೂ ಬರೆದಿದ್ದರು. ರಾಬರ್ಟ್ ಕೋಖ್ ಈ ರೋಗಾಣುವನ್ನು ಪತ್ತೆ ಹಚ್ಚಿದ್ದು 1882ರಲ್ಲಿ. ಅಂದರೆ ಈ ಆಪೆರಾದ ಕಾಲಕ್ಕೆ ಪ್ಯಾರಿಸ್ಸಿನಂಥ ಕಡೆ ಇದು ಹೆಚ್ಚಿನವರ ಕಣ್ಣಿಗೆ ಅಂಟುರೋಗವೇ ಅಲ್ಲ. ರಂಗದ ಮೇಲೆ ಎಲ್ಲರೂ ಅವಳನ್ನು ಅಪ್ಪಿಕೊಳ್ಳುತ್ತಿರುವುದು ಅದಕ್ಕೇ.

ಗಾಯಕಿಯರಿಗೆ ಈ ಪಾತ್ರ ಒಂದು ಪರೀಕ್ಷೆ. ಮೂರು ಅಂಕಕ್ಕೆ ಮೂರು ಗಂಟಲು ಬೇಕು ಎಂಬ ಮಾತೇ ಇದೆ. ಮೊದಲ ಅಂಕಕ್ಕೆ ಹಕ್ಕಿಯಂತೆ ಹಾರುವ ದನಿ, ಎರಡನೆಯದಕ್ಕೆ ತುಂಬಿದ ದನಿ, ಮೂರನೆಯದಕ್ಕೆ ನಟಿಯ ದನಿ. 1955ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಲುಕೀನೊ ವಿಸ್ಕೊಂತಿ ನಿರ್ದೇಶನದಲ್ಲಿ ಮಾರಿಯಾ ಕಲಾಸ್ ಇದನ್ನು ಆಡಿದಳು. ಮೊದಲ ಅಂಕದ ಕೊನೆಗೆ ಶೂ ಒದ್ದು ಎಸೆದಳು. ಕೊನೆಗೆ ಹ್ಯಾಟು ಕೋಟು ತೊಟ್ಟು, ಕಣ್ಣು ಬಿಟ್ಟುಕೊಂಡೇ ಸತ್ತಳು. ಹ್ಯಾಟು ಹಾಕಿಕೊಂಡು ಸಾಯುವುದುಂಟೇ ಎಂದು ಕೆಲವರು ಸಿಟ್ಟಾದರು. ಹೊರಗೆ ಹೋಗಬೇಕೆಂದು ಅವಳು ಬಟ್ಟೆ ಕೇಳುವುದು ಮೂಲದಲ್ಲೇ ಇದೆ, ಅದು ಅವರಿಗೆ ಮರೆತಿತ್ತು. 2005ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ನಿರ್ದೇಶಕ ವಿಲಿ ಡೆಕರ್ ದೀಪದಗೊಂಚಲು, ಅಲಂಕಾರ ಎಲ್ಲ ಕಿತ್ತುಹಾಕಿ ಖಾಲಿ ಬಿಳಿ ಗೋಡೆ, ಒಂದು ದೈತ್ಯ ಗಡಿಯಾರ, ಕೆಲವು ಸೋಫಾ, ಕೆಂಪು ಫ್ರಾಕಿನ ಗಾಯಕಿ ಅನ್ನಾ ನೆತ್ರೆಬ್ಕೊ, ಹೆಚ್ಚುಕಡಿಮೆ ಇಷ್ಟನ್ನು ಮಾತ್ರ ಇಟ್ಟ. ಡಾಕ್ಟರು ಶುರುವಿನಿಂದಲೂ ಸುಮ್ಮನೆ ಅಲ್ಲೇ ಇರುತ್ತಾನೆ. ಎಲ್ಲ ತೆಗೆದರೂ ಆಪೆರಾ ನಿಂತಿತು. 1996ರಲ್ಲಿ ಬೆಂಕಿಗೆ ಸುಟ್ಟುಹೋದ ಫೆನಿಚೆ ರಂಗಮಂದಿರ ಮತ್ತೆ ಎದ್ದಾಗ, 2004ರ ನವೆಂಬರಿನಲ್ಲಿ ಅಲ್ಲಿ ಮೊದಲು ಆಡಿದ ಆಪೆರಾ ಕೂಡ ಇದೇ. 1853ರಲ್ಲಿ ಅಲ್ಲೇ ಬಿದ್ದ ಮೂಲ ರೂಪವನ್ನೇ ಆಡಿದರು.

ಮೊದಲ ಸಲ ನೋಡುವವರಿಗೆ ಒಂದು ಸಲಹೆ. ‘ಲಿಬ್ಯಾಮೊ’ದಿಂದ ಶುರು ಮಾಡಬೇಡಿ. ಸಬ್‌ಟೈಟಲ್ ಇರುವ ವಿಡಿಯೊ ಹಾಕಿ, ನೇರ ಎರಡನೇ ಅಂಕಕ್ಕೆ, ಅಪ್ಪ ಬಾಗಿಲಿಗೆ ಬರುವ ಜಾಗಕ್ಕೆ ಹೋಗಿ. ಅದು ಹಿಡಿಸಿದರೆ ಮೊದಲಿನಿಂದ ನೋಡಿ, ಎಲ್ಲ ಸೇರಿ ಎರಡು ಗಂಟೆ ಚಿಲ್ಲರೆ. ಮೊದಲ ಅಂಕದ ಕೊನೆಗೆ ಗಾಯಕಿ ಅತಿ ಎತ್ತರದ ಒಂದು ಸ್ವರ ಹಿಡಿಯುತ್ತಾಳೋ ಇಲ್ಲವೋ ಎಂದು ಕಾದು ಕೂರುವವರು ಹಾಲ್‌ನಲ್ಲಿ ಇದ್ದೇ ಇರುತ್ತಾರೆ. ಅದನ್ನು ವೆರ್ದಿ ಬರೆದೇ ಇಲ್ಲ, ಆಮೇಲಿನವರು ಸೇರಿಸಿಕೊಂಡದ್ದು. ಹಿಡಿದರೆ ಖುಷಿಪಡಿ. ಹಿಡಿಯದಿದ್ದರೆ ಗಾಯಕಿಯನ್ನು ಬೈಯಬೇಡಿ, ಅವಳಿಗೆ ಮುಂದೆ ಇನ್ನೂ ದೊಡ್ಡ ಕೆಲಸ ಬಾಕಿ ಇದೆ.